ಲೆಕ್ಕಕ್ಕೆ ಸಿಗದ ಎಂಟು ನಿಮಿಷ

"ಹಲೋ?... ಹಲೋ, ಯಾರು ಮಾತಾಡ್ತಿರೋದು?"

…

"ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ಸಿಗ್ನಲ್ ಸರಿಯಿಲ್ಲ... ಹಾಂ? ಕೃಪಾನಾ? ಅಯ್ಯೋ, ನೀನಾ! ಇದ್ಯಾವುದೇ ನಂಬರು? ಯಾರೋ ಇನ್ಶೂರೆನ್ಸ್‌ನೋರು ಅಂತ ಕಟ್ ಮಾಡೋದ್ರಲ್ಲಿದ್ದೆ."

…

"ಆಫೀಸ್ ಫೋನಾ? ಶನಿವಾರನೂ ಆಫೀಸ್ ಫೋನ್ ಹೊತ್ಕೊಂಡು ಓಡಾಡ್ತೀಯಾ?... ಹೂಂ. ಹೋಗ್ಲಿ ಬಿಡು. ನಿನ್ನ ದನಿ ಕೇಳಿ ಎಷ್ಟು ದಿನ ಆಯ್ತು."

ಗುರುದತ್ ಎಡಗಾಲನ್ನು ಒದ್ದೆ ಹುಲ್ಲಿನ ಮೇಲೆ ಊರಿ, ಸೈಕಲ್ಲಿನ ಮೇಲೆ ಅರ್ಧ ಕೂತು ಅರ್ಧ ನಿಂತು, ಬಲಗೈಯ ಗವಸನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಫೋನ್ ಎತ್ತಿಕೊಂಡಿದ್ದ. ಕೃಪಾ ಅವನ ಹೆಂಡತಿ ಚಂಪಾಳ ತಂಗಿ. ಗಂಡ ಅನೂಪನ ಜೊತೆ, ಇಲ್ಲಿಂದ ಆರು ಗಂಟೆ ದಾರಿಯ ಲೋವರ್ ಹಟ್ ಊರಿನಲ್ಲಿದ್ದಾಳೆ. ಚಂಪಾ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ವರ್ಷಾಂತಿಕಕ್ಕೆಂದು ಎಲ್ಲರೂ ಮೈಸೂರಿನಲ್ಲಿ ಸೇರಿದ್ದಾಗಲೂ ಕೃಪಾ ಭಾವನ ಮುಖ ನೋಡಿ ನಾಲ್ಕು ಮಾತಾಡಿರಲಿಲ್ಲ. ಎಲೆ ಹಾಕುವುದು, ನೀರು ಬಡಿಸುವುದು, ಪಾತ್ರೆ ಎತ್ತುವುದು ಎಂದು ಮೂರು ದಿನವೂ ಕಣ್ಣು ತಪ್ಪಿಸಿಕೊಂಡೇ ಓಡಾಡಿದ್ದಳು. ದುಃಖ ಒಬ್ಬೊಬ್ಬರನ್ನು ಒಂದೊಂದು ಥರ ಮಾಡುತ್ತದೆ ಎಂದುಕೊಂಡು ಅವನೂ ಕೆದಕಲು ಹೋಗಿರಲಿಲ್ಲ.

"ನಾನಾ? ಸೈಕಲ್ ಮೇಲಿದೀನಿ... ಇಲ್ಲ ಇಲ್ಲ, ತೊಂದ್ರೆ ಏನಿಲ್ಲ, ನಿಂತೇ ಇದೀನಿ. ಇಲ್ಲಿ ಹನ್ನೊಂದು ನಿಮಿಷ ನಿಂತೇ ಹೋಗೋದು ನಾನು. ಮಾತಾಡು."

…

"ಯಾಕೂ ಇಲ್ಲ. ಸುಮ್ನೆ. ಏನು ವಿಷಯ ಹೇಳು."

ಮೇ ತಿಂಗಳ ಕೊನೆ, ಇಲ್ಲಿ ಚಳಿ ಶುರುವಾಗುವ ಹೊತ್ತು. ಆಕ್ಲೆಂಡಿಗೆ ದಕ್ಷಿಣದ ವೈಕಾಟೊ ಬಯಲಿನ ಮಂಜು ಇನ್ನೂ ಕರಗಿರಲಿಲ್ಲ. ರೊಟೊಟೂನ ಬಡಾವಣೆಯ ಅವನ ಮನೆಯಿಂದ ಹದಿನೈದು ಕಿಲೋಮೀಟರ್ ಆಚೆ, ಗಾರ್ಡನ್‌ಟನ್ ಕಡೆಯ ರಸ್ತೆಯಲ್ಲಿ, ಒಂದು ಹಸು ಸಾಕುವ ಫಾರ್ಮಿನ ಗೇಟು. ಗೇಟಿನ ಪಕ್ಕ ಒಂದು ದೊಡ್ಡ ಮ್ಯಾಗ್ನೋಲಿಯಾ ಮರ, ಅದರ ಕೆಳಗೆ ಒಂದು ಹಳೆಯ ಮರದ ಬೆಂಚು, ಬೆಂಚಿನ ಮೇಲೆ ಫಿಜೋವಾ ಹಣ್ಣಿನ ಚೀಲಗಳು ಮತ್ತು ದುಡ್ಡು ಹಾಕಲು ಒಂದು ಡಬ್ಬಿ. ಹತ್ತು ಮಾರು ಆಚೆ ಏನಿದೆ ಎಂದು ಕಾಣುತ್ತಿರಲಿಲ್ಲ. ಹಸುಗಳ ಉಸಿರು ಮಾತ್ರ ಎಲ್ಲಿಂದಲೋ ಕೇಳಿಸುತ್ತಿತ್ತು.

"ಏನು? ಸೈಕಲ್ ಕಂಪ್ಯೂಟರಾ? ಜಿಪಿಎಸ್‌ದು?... ಯಾರಿಗೆ? ನಿಂಗಾ? ನೀನು ಯಾವಾಗಿಂದ ಸೈಕಲ್ ತುಳಿಯೋಕೆ ಶುರು ಮಾಡ್ದೆ?"

…

"ಆರು ತಿಂಗಳಿಂದಾನಾ? ನಂಗೆ ಒಂದು ಮಾತೂ ಹೇಳಿಲ್ವಲ್ಲೇ. ಅಕ್ಕ ಬಾ ಬಾ ಅಂತ ಕರ್ದಾಗ ಒಂದು ದಿನ ಹತ್ಲಿಲ್ಲ ನೀನು. ಈಗ ನೋಡು... ಇರ್ಲಿ, ಇರ್ಲಿ. ಒಳ್ಳೇದೇ ಆಯ್ತು. ತಪ್ಪು ಅಂತ ಅಲ್ಲ."

…

"ಅನೂಪ್ ಕೊಡಿಸ್ತೀನಿ ಅಂತಿದಾನಾ? ಹುಟ್ಟಿದ ಹಬ್ಬಕ್ಕಾ? ಸರಿ ಹಾಗಾದ್ರೆ. ಎಲ್ಲಿ ತುಳೀತೀಯಾ ನೀನು, ಅದು ಹೇಳು ಮೊದಲು. ನದಿ ದಂಡೆ ಮೇಲಾ?... ನದಿ ದಂಡೆಗಾದ್ರೆ ಬೇಡ ಕಣೇ. ಫೋನೇ ಸಾಕು. ಹೋಗ್ತಾ ನದಿ ಎಡಕ್ಕೆ, ಬರ್ತಾ ಬಲಕ್ಕೆ. ದಾರಿ ತಪ್ಪೋಕೆ ಅಲ್ಲೇನು ಕಾಡಾ?"

ಒಂದು ಕುಕ್ಕರ್ ಕೊಳ್ಳುವುದಕ್ಕೂ ಮೂರು ವಾರ ಹೋಲಿಕೆಯ ಪಟ್ಟಿ ಮಾಡುವ ಮನುಷ್ಯ ಗುರುದತ್. ರಸ್ತೆ ಸೇತುವೆಗಳ ಎಂಜಿನಿಯರು. ಯಾರಾದರೂ ಏನನ್ನಾದರೂ ಕೊಳ್ಳಲೋ ಬೇಡವೋ ಎಂದು ಕೇಳಿದರೆ ಅವನಿಗೆ ಹಬ್ಬ. ಚಂಪಾ ಇದ್ದಾಗ, ನೆಂಟರು ಫೋನ್ ಮಾಡಿ ವ್ಯಾಕ್ಯೂಮ್ ಕ್ಲೀನರ್ ಬಗ್ಗೆ ಕೇಳಿದರೆ, ಇವರು ಹೇಳೋ ಹೊತ್ತಿಗೆ ನಿಮ್ಮ ಮನೆ ಧೂಳಿಗೆ ಮುಪ್ಪು ಬರತ್ತೆ ಎಂದು ಹಿಂದಿನಿಂದ ಕೂಗುತ್ತಿದ್ದಳು.

"ಗುಡ್ಡನಾ? ವೈನುಯೊಮಾಟ ಗುಡ್ಡ ಹತ್ತುತೀಯಾ ನೀನು! ಭೇಷ್. ಹಾಗಾದ್ರೆ ಬೇರೆ ಮಾತು... ಹಾಂ, ಉಪಯೋಗ ಇದೆ. ಇನ್ನೆಷ್ಟು ಏರಿದೆ, ಎಷ್ಟು ಕಡಿದಾಗಿದೆ, ಎಲ್ಲಾ ತೋರ್ಸತ್ತೆ. ಮಳೇಲಿ ನೆಂದ್ರೂ ಏನಾಗಲ್ಲ, ಗವಸು ಹಾಕ್ಕೊಂಡೇ ಗುಂಡಿ ಒತ್ಬೋದು, ಒಂದ್ಸಲ ಚಾರ್ಜ್ ಮಾಡಿದ್ರೆ ಇಡೀ ದಿನ ಬರತ್ತೆ. ಬಿದ್ರೆ ಮನೆಯೋರಿಗೆ ತಾನೇ ಮೆಸೇಜ್ ಕಳ್ಸತ್ತೆ. ಆದ್ರೆ ದೊಡ್ಡ ಸ್ಕ್ರೀನಿಂದು ತಗೋಬೇಡ, ಅದು ಬರೀ ಶೋಕಿ."

…

"ನಿಂತಿದ್ದನ್ನಾ? ಹೂಂ, ಬರ್ಕೊಳ್ಳತ್ತೆ. ಎಲ್ಲಿ ನಿಂತೆ, ಎಷ್ಟು ಹೊತ್ತು ನಿಂತೆ, ಎಲ್ಲಾ... ಇಲ್ಲ, ಅದಕ್ಕೆ ಒಂದು ಸೆಟ್ಟಿಂಗ್ ಇದೆ. ಅದನ್ನ ಹಾಕಿದ್ರೆ ನೀನು ನಿಂತ ಕೂಡ್ಲೆ ಗಡಿಯಾರನೂ ನಿಲ್ಲತ್ತೆ. ಹಾಕ್ದೇ ಇದ್ರೆ ನಿಂತಿದ್ದ ಹೊತ್ತೂ ಓಡ್ತಾ ಇರತ್ತೆ. ನಿಮ್ಮಕ್ಕ ಹಾಕ್ತಿರಲಿಲ್ಲ. ಎಷ್ಟು ಹೇಳಿದೀನಿ, ಸರಾಸರಿ ವೇಗ ಹಾಳಾಗತ್ತೆ ಚಂಪಾ ಅಂತ. ನಿಂತಿದ್ದೂ ಸವಾರಿನೇ ರೀ ಅನ್ನೋಳು... ಯಾಕೆ ಕೇಳಿದೆ?"

…

"ಕೃಪಾ? ಇದೀಯಾ?... ಹಾಂ, ಲೈನ್ ಹೋಯ್ತೇನೋ ಅಂದ್ಕೊಂಡೆ."

ಸೈಕಲ್ಲಿನ ಹಿಡಿಯ ನಡುವೆ ಇದ್ದದ್ದು ಚಂಪಾಳದೇ ಕಂಪ್ಯೂಟರು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಅದರ ತೆರೆಯ ಮೇಲೆ ಕಪ್ಪು ಬಾಣವೊಂದು, ಅದು ಗುರುದತ್. ಬಾಣದ ಮೂತಿಗೆ ತಾಗಿದಂತೆ ಒಂದು ಬೂದು ಚುಕ್ಕಿ. ಅವನು ಅದನ್ನು ನೋಡಿದ, ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. ಆಕ್ಲೆಂಡಿನಲ್ಲಿ ಓದುತ್ತಿರುವ ಮಗಳು ಪೂರ್ವಿಗೂ ಅವನು ಇದನ್ನು ಹೇಳಿರಲಿಲ್ಲ.

"ಇದ್ರಲ್ಲಿ ಇನ್ನೊಂದಿದೆ ಕೃಪಾ. ಯಾರೂ ಅದನ್ನ ಹೇಳಲ್ಲ, ಅಂಗಡಿಯೋರಿಗೂ ಗೊತ್ತಿರಲ್ಲ. ಹಳೇ ಸವಾರಿ ಒಂದನ್ನ ಆರಿಸ್ಕೊಂಡ್ರೆ, ಅವತ್ತು ಹೋದವರು ಇವತ್ತು ಒಂದು ಚುಕ್ಕಿಯಾಗಿ ನಮ್ಮ ಜೊತೆ ಬರ್ತಾರೆ. ಅವರ ಜೊತೆ ಪಂದ್ಯ ಕಟ್ಟೋಕೆ ಅಂತ ಇರೋದು ಅದು... ಹೂಂ. ಹೂಂ ಕಣೇ. ಅವಳದ್ದೇ. ಕೊನೇದು. ಯುಗಾದಿ ಹಿಂದಿನ ದಿನ ಶನಿವಾರ ಹೋಗಿದ್ಲಲ್ಲ, ಅದು."

…

"ಪ್ರತಿ ಶನಿವಾರ. ಇವತ್ತಿಗೆ ನಲವತ್ತೇಳನೇದು."

…

"ಹುಚ್ಚು ಅಂತಾನಾದ್ರೂ ಅನ್ನು, ಏನಾದ್ರೂ ಅನ್ನು. ಮೊದಮೊದಲು ಅವಳನ್ನ ಹಿಡಿಯೋಕೇ ಆಗ್ತಿರಲಿಲ್ಲ. ನಂಗೆಲ್ಲಿ ಅಭ್ಯಾಸ? ಎರಡು ಕಿಲೋಮೀಟರಿಗೇ ಚುಕ್ಕಿ ಮಾಯ ಆಗೋದು. ಆಮೇಲೆ ಕಾಲಿಗೆ ಬಲ ಬಂತು. ಒಂದು ದಿನ ದಾರೀಲಿರೋ ಇಳಿಜಾರಲ್ಲಿ ಅವಳನ್ನ ದಾಟ್ಬಿಟ್ಟೆ ಕೃಪಾ. ಹನ್ನೆರಡು ಸೆಕೆಂಡ್ ಮುಂದಿದ್ದೀರಿ, ಶಹಭಾಷ್ ಅಂತ ಅದು ಪೀಪಿ ಊದ್ತು. ರಸ್ತೆ ಪಕ್ಕ ಕೂತ್ಕೊಂಡು ಅತ್ತೆ ನಾನು. ಅವತ್ತಿಂದ ಬ್ರೇಕ್ ಹಿಡ್ಕೊಂಡೇ ಬರ್ತೀನಿ."

ಅವನು ಹೇಳದೆ ಉಳಿಸಿಕೊಂಡಿದ್ದು ಇನ್ನೂ ಒಂದಿತ್ತು. ಇಂಥ ಮಂಜಿನ ದಿನಗಳಲ್ಲಿ, ಅವನು ತುಳಿಯುವುದನ್ನು ನಿಲ್ಲಿಸಿದಾಗ, ಮುಂದೆ ಹತ್ತು ಮಾರಿನಲ್ಲಿ ಇನ್ನೊಂದು ಸೈಕಲ್ಲಿನ ಚಕ್ರ ಟಿಕ್ ಟಿಕ್ ಟಿಕ್ ಎಂದು ಬಿಡುಬೀಸಾಗಿ ತಿರುಗುವ ಸದ್ದು ಅವನಿಗೆ ಕೇಳಿಸುತ್ತಿತ್ತು. ಅವನಿಗೆ ಹೆದರಿಕೆಯಾಗುತ್ತಿತ್ತು. ಕೇಳಿಸದ ದಿನ ಇನ್ನೂ ಹೆಚ್ಚು ಹೆದರಿಕೆಯಾಗುತ್ತಿತ್ತು.

"ಹನ್ನೊಂದು ನಿಮಿಷ ಅಂದ್ನಲ್ಲ, ಅದೇ ಇದು. ಅವಳು ಈ ಗೇಟಿನ ಹತ್ರ ಹನ್ನೊಂದು ನಿಮಿಷ ನಿಂತಿದಾಳೆ. ಚುಕ್ಕಿ ಅಲ್ಲಾಡಲ್ಲ. ನಾನೂ ನಿಲ್ತೀನಿ. ಅವಳು ಹೊರಟ್ರೆ ನಾನೂ ಹೊರಡ್ತೀನಿ... ಈಗಲೂ ನಿಂತಿದೆ. ಇನ್ನೂ ಆರು ನಿಮಿಷ ಇದೆ."

…

"ತೋರಣಕ್ಕೆ, ಹೌದು. ಅದು ನಂಗೂ ಗೊತ್ತು. ಇಲ್ಲಿ ಮಾವಿನ ಸೊಪ್ಪು ಎಲ್ಲಿ ಸಿಗಬೇಕು? ಮ್ಯಾಗ್ನೋಲಿಯಾ ಎಲೆನೇ ಕಟ್ಟೋಳು ಪ್ರತಿ ಯುಗಾದಿಗೂ. ಇಪ್ಪತ್ತೊಂದು ಎಲೆ. ಇನ್ನೂ ಬಾಗಿಲ ಮೇಲೇ ಇದೆ. ಒಂದು ವರ್ಷ ಹಬ್ಬ ಇಲ್ಲ, ಬದಲಾಯಿಸೋ ಹಾಗಿಲ್ಲ ಅಂತ ಬಿಟ್ಟೆ, ಈಗ ತೆಗೆಯೋಕೆ ಕೈ ಬರಲ್ಲ... ಆದ್ರೆ ಕೇಳು. ಇಪ್ಪತ್ತೊಂದು ಎಲೆ ಕೀಳೋಕೆ ಎಷ್ಟು ಹೊತ್ತು ಬೇಕು? ಮೂರು ನಿಮಿಷ. ನಾನೇ ಗಡಿಯಾರ ಇಟ್ಕೊಂಡು ಕಿತ್ತು ನೋಡಿದೀನಿ. ಒಂದ್ಸಲ ಅಲ್ಲ, ನಾಲ್ಕು ಸಲ. ಫಾರ್ಮಿನವನು ಬಂದು, ಏನಪ್ಪಾ ನನ್ನ ಮರ ಬೋಳಿಸ್ತೀಯಾ ಅಂದ. ಮೂರೇ ನಿಮಿಷ ಕೃಪಾ. ಉಳಿದ ಎಂಟು ನಿಮಿಷ ಇಲ್ಲಿ ಏನು ಮಾಡ್ತಿದ್ಲು ಅವಳು?"

ಇದೇ ಅವನನ್ನು ಹಿಡಿದಿದ್ದ ದೆವ್ವ. ಯುಗಾದಿ ಕಳೆದ ಮಂಗಳವಾರ ಬೆಳಿಗ್ಗೆ, ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದ ಚಂಪಾ ಅಡುಗೆಮನೆಯಲ್ಲೇ ಕುಸಿದಿದ್ದಳು. ಮಿದುಳಿನಲ್ಲಿ ರಕ್ತನಾಳ ಉಬ್ಬಿ ಒಡೆದಿತ್ತು. ಹಿಂದಿನ ದಿನಗಳಲ್ಲಿ ತಲೆನೋವು ಇತ್ತೇ, ಕಣ್ಣು ಮಂಜಾಗಿತ್ತೇ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ಗುರುದತ್ ಗಟ್ಟಿಯಾಗಿ ಇಲ್ಲ ಎಂದಿದ್ದ. ಆ ಇಲ್ಲ ಎನ್ನುವ ಮಾತು ನಿಜವೇ ಎಂದು ತಿಳಿಯುವುದಕ್ಕೆ ಅವನಿಗೆ ಬೇರೆ ದಾರಿ ಉಳಿದಿರಲಿಲ್ಲ. ಅವಳ ಫೋನಿನ ಬೀಗದ ಸಂಖ್ಯೆ ಅವನಿಗೆ ಗೊತ್ತಿರಲಿಲ್ಲ. ಮದುವೆಯ ದಿನ, ಮಗಳು ಹುಟ್ಟಿದ ದಿನ ಎಂದು ಹತ್ತು ಸಲ ತಪ್ಪು ಒತ್ತಿ, ಕೊನೆಗೆ ಅದರಲ್ಲಿದ್ದದ್ದೆಲ್ಲ ತಾನೇ ಅಳಿಸಿಹೋಗಿತ್ತು. ಉಳಿದದ್ದು ಈ ಪುಟ್ಟ ಪೆಟ್ಟಿಗೆ ಒಂದೇ.

"ಎದೆಬಡಿತನೂ ಗೊತ್ತಿಲ್ಲ. ಎದೆಗೆ ಕಟ್ಟೋ ಪಟ್ಟಿ ಚುಚ್ಚತ್ತೆ ಅಂತ ಅವತ್ತು ಮನೇಲೇ ಬಿಟ್ಟು ಹೋಗಿದ್ಲು... ಕೃಪಾ?"

…

"ಅಳ್ತಿದೀಯಾ? ಅಯ್ಯೋ, ಅಳ್ಬೇಡ ಕಣಮ್ಮ. ನಾನು ಹೇಳಬಾರ್ದಿತ್ತು. ನೀನು ಏನೋ ಕೇಳೋಕೆ ಫೋನ್ ಮಾಡಿದ್ರೆ ನಾನು..."

…

"ಏನು?... ಏನು ಗೊತ್ತು ನಿಂಗೆ?"

ದೂರದಿಂದ ಹಾಲಿನ ಟ್ಯಾಂಕರ್ ಬರುವ ಸದ್ದು. ಎರಡು ಹಳದಿ ದೀಪಗಳು ಮಂಜಿನಿಂದ ಹೊರಬಂದು, ನೆಲ ಅದುರಿಸಿಕೊಂಡು ಅವನ ಪಕ್ಕದಲ್ಲೇ ಹಾದುಹೋದವು. ಗುರುದತ್ ಇನ್ನೊಂದು ಕಿವಿಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡ.

"ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳು... ನಿಂಗೆ ಫೋನ್ ಮಾಡಿದ್ಲಾ? ಇಲ್ಲಿಂದಾನಾ? ಅವತ್ತಾ?"

…

"ಬೆಂಚಿನ ಮೇಲೆ ಕೂತಿದೀನಿ ಅಂದ್ಲಾ?"

…

"ತಲೆ ಸಿಡೀತಿದೆ ಅಂದ್ಲಾ... ಗೇಟು ಎರಡೆರಡು ಕಾಣ್ತಿದೆ ಅಂದ್ಲಾ..."

ಅವನು ಬೆಂಚಿನ ಕಡೆ ನೋಡಿದ. ಫಿಜೋವಾ ಚೀಲಗಳ ಪಕ್ಕ ಒಬ್ಬರು ಕೂರುವಷ್ಟು ಜಾಗವಿತ್ತು. ನಲವತ್ತೇಳು ಶನಿವಾರ ಅವನು ಆ ಜಾಗದ ಪಕ್ಕದಲ್ಲೇ ನಿಂತಿದ್ದ, ಒಂದು ದಿನವೂ ಅಲ್ಲಿ ಕೂತಿರಲಿಲ್ಲ.

"ನಂಗೆ ಯಾಕೆ ಮಾಡ್ಲಿಲ್ಲ? ನಾನು ಮನೇಲೇ ಇದ್ನಲ್ಲ. ಕಾರಲ್ಲಿ ಕಾಲು ಗಂಟೆ!... ಏನು? ಭಾವಂಗೆ ಹೇಳ್ಬೇಡ ಅಂದ್ಲಾ?"

…

"ಸೈಕಲ್ ಬಿಡಿಸ್ಬಿಡ್ತಾರೆ ಅಂತ."

ಈ ಮಾತನ್ನು ಅವನು ಕೇಳಿದ ಹಾಗೆ ಹೇಳಲಿಲ್ಲ, ಒಪ್ಪಿಕೊಂಡ ಹಾಗೆ ಹೇಳಿದ. ಮೂರು ವರ್ಷದ ಹಿಂದೆ ಚಂಪಾ ಒಮ್ಮೆ ಬಿದ್ದು ಮೊಣಕೈ ತರಚಿಕೊಂಡು ಬಂದಾಗ, ಅವನು ಅವಳ ಸೈಕಲ್ಲನ್ನು ಗ್ಯಾರೇಜಿನ ಮಾಡಿಗೆ ನೇತುಹಾಕಿ ಆರು ತಿಂಗಳು ಇಳಿಸಿರಲಿಲ್ಲ. ಅದು ಪ್ರೀತಿ ಎಂದೇ ಅವನು ತಿಳಿದಿದ್ದ. ಅವಳು ಜಗಳವಾಡಲಿಲ್ಲ. ಅಂದಿನಿಂದ ತನಗೆ ಎಲ್ಲಿ ನೋಯುತ್ತದೆ ಎಂದು ಹೇಳುವುದನ್ನು ನಿಲ್ಲಿಸಿದ್ದಳು, ಅಷ್ಟೆ.

"ಆಮೇಲೆ?... ಆಮೇಲೆ ಸರಿ ಹೋಯ್ತು ಅಂದ್ಲಾ. ಲೇಟಾಯ್ತು ಯಾಕೆ ಅಂದ್ರೆ ಸೊಪ್ಪು ಕೀಳ್ತಿದ್ದೆ ಅಂತೀನಿ ಅಂದ್ಲಾ... ನಾನು ಕೇಳ್ಲೇ ಇಲ್ಲ ಕೃಪಾ. ಲೇಟಾಗಿ ಬಂದಿದಾಳೆ ಅಂತಾನೂ ಗೊತ್ತಾಗ್ಲಿಲ್ಲ ನಂಗೆ. ಟೀವಿ ನೋಡ್ತಿದ್ದೆ."

…

"ಇಲ್ಲ, ನಿಲ್ಸು. ಕ್ಷಮಿಸಿ ಗಿಮಿಸಿ ಅನ್ಬೇಡ ಈಗ. ಹದಿನಾಲ್ಕು ತಿಂಗಳು! ಡಾಕ್ಟ್ರು ನನ್ನ ಕೇಳಿದಾಗ ನೀನು ಆ ಕಡೆ ಕುರ್ಚೀಲಿ ಕೂತಿದ್ದೆ. ನಾನು ಇಲ್ಲ ಅಂದಿದ್ದನ್ನ ಕೇಳಿಸ್ಕೊಂಡು ಸುಮ್ನೆ ಕೂತಿದ್ದೆ. ಶನಿವಾರನೇ ನಂಗೆ ಒಂದು ಮಾತು ಹೇಳಿದ್ರೆ... ಒಂದು ಮಾತು..."

ಅವನಿಗೆ ಕೋಪ ಬಂದಿತ್ತು. ಫೋನನ್ನು ಬೇಲಿಯಾಚೆ ಎಸೆದುಬಿಡಬೇಕು ಎನ್ನಿಸಿತು. ಹಾಗೆಯೇ, ಈ ಎಂಟು ನಿಮಿಷ ಅವಳು ಒಬ್ಬಳೇ ಇರಲಿಲ್ಲ, ತಂಗಿಯ ದನಿ ಕೇಳುತ್ತಾ ಕೂತಿದ್ದಳು ಎಂಬ ಸಮಾಧಾನವೂ ಅದರ ಹಿಂದೆಯೇ ಬಂತು. ಅದು ಬಂದದ್ದಕ್ಕೆ ಅವನಿಗೆ ಇನ್ನಷ್ಟು ಸಿಟ್ಟಾಯಿತು. ಎರಡು ನಿಮಿಷ ಉಳಿದಿತ್ತು.

"ಇಷ್ಟು ದಿನ ಬಿಟ್ಟು ಈಗ್ಯಾಕೆ ಹೇಳ್ತಿದೀಯಾ? ಸೈಕಲ್ ಕಂಪ್ಯೂಟರ್ ತಗೋಳ್ಲಾ ಅಂತ ಕೇಳೋಕೆ ಮಾಡಿದ್ಯಲ್ಲ... ಹಾಂ?"

…

"ಗೊತ್ತಾಗತ್ತಾ ಅಂದ್ರೆ? ಏನಾದ್ರೂ ಆಗೋಕೆ ಮುಂಚೆ ಅದು ಹೇಳತ್ತಾ ಅಂತಾನಾ?... ಇಲ್ಲ ಕಣೇ. ಎದೆಬಡಿತ ಹೇಳತ್ತೆ, ಅಷ್ಟೇ. ತಲೆಯೊಳಗೆ ಏನಾಗ್ತಿದೆ ಅಂತ ಅದಕ್ಕೇನು ಗೊತ್ತು? ಬಿದ್ದ ಮೇಲೆ ಬಿದ್ದಿದಾರೆ ಅಂತ ಹೇಳೋ ವಸ್ತು ಅದು... ತಡಿ. ತಡಿ, ತಡಿ. ನೀನ್ಯಾಕೆ ಅದನ್ನ ಕೇಳ್ತಿದೀಯಾ?"

…

"ಕೃಪಾ. ನಿಂಗೆ ತಲೆನೋವಾ?"

…

"ಯಾವಾಗಿಂದ?... ಮೂರು ವಾರದಿಂದಾನಾ? ಗುಡ್ಡ ಹತ್ತುವಾಗ ಮಾತ್ರನಾ, ಸುಮ್ನೆ ಇದ್ದಾಗ್ಲೂನಾ?... ಕಣ್ಣು? ಕಣ್ಣು ಹೇಗಿದೆ?"

ಗುರುದತ್‌ನ ಸಿಟ್ಟು ಎಲ್ಲಿಗೆ ಹೋಯಿತೋ ಅವನಿಗೇ ತಿಳಿಯಲಿಲ್ಲ. ಆ ಜಾಗದಲ್ಲಿ ತಣ್ಣಗಿನ ಭಯ ಬಂದು ಕೂತಿತು. ಅಂದು ಆಸ್ಪತ್ರೆಯಲ್ಲಿ ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದ್ದರು. ಒಡಹುಟ್ಟಿದವರಿಗೂ ಇದು ಇರಬಹುದು, ಅವರೂ ಒಮ್ಮೆ ತಲೆಯ ಸ್ಕ್ಯಾನ್ ಮಾಡಿಸಲಿ ಎಂದು.

"ಸ್ಕ್ಯಾನ್ ಮಾಡಿಸ್ದೆ, ಏನೂ ಇಲ್ಲ ಅಂತ ಮೆಸೇಜ್ ಹಾಕಿದ್ಯಲ್ಲ ನಂಗೆ?... ಮಾಡ್ಸಿಲ್ವಾ. ಮಾಡ್ಸೇ ಇಲ್ವಾ?"

…

"ಯಾಕೆ?"

…

"ಅಕ್ಕಂಗೆ ಯಾವಾಗ ಶುರುವಾಯ್ತು ಅಂತ ಅಲ್ಲಿ ಕೇಳ್ತಾರೆ, ಹೇಳ್ಬೇಕಾಗತ್ತೆ ಅಂತ... ಅದಕ್ಕೆ ಹೋಗಿಲ್ಲ ನೀನು. ಅಯ್ಯೋ ಹುಚ್ಚಿ. ಅಯ್ಯೋ ನಮ್ಮಮ್ಮ."

…

"ಅನೂಪ್‌ಗೆ ಗೊತ್ತಾ ಇದು?"

…

"ಏನಂದೆ?... ಇನ್ನೊಂದ್ಸಲ ಹೇಳು, ಏನಂದೆ ಈಗ?"

ಅದೇ ಹೊತ್ತಿಗೆ ಹಿಡಿಯ ಮೇಲಿನ ಪೆಟ್ಟಿಗೆ ಒಮ್ಮೆ ಪೀಂ ಎಂದಿತು. ಹನ್ನೊಂದು ನಿಮಿಷ ತುಂಬಿತ್ತು. ಬೂದು ಚುಕ್ಕಿ ಬಾಣದ ಮೂತಿಯಿಂದ ಬಿಡಿಸಿಕೊಂಡು ಮೆಲ್ಲಗೆ ಮುಂದೆ ಜರುಗಿತು. ನಲವತ್ತಾರು ಸಲ ಈ ಸದ್ದಿಗೆ ಅವನ ಕಾಲು ತಾನಾಗಿ ಪೆಡಲಿನ ಮೇಲೆ ಏರಿತ್ತು. ಇಂದು ಅವನು ಸೈಕಲ್ಲಿನಿಂದ ಇಳಿದು, ಅದನ್ನು ಗೇಟಿಗೆ ಒರಗಿಸಿ, ಬೆಂಚಿನ ಮೇಲೆ ಖಾಲಿ ಇದ್ದ ಜಾಗದಲ್ಲಿ ಕೂತ.

"ಅನೂಪ್‌ಗೆ ಹೇಳ್ಬೇಡಿ ಭಾವ ಅಂತೀಯಾ. ಅವನು ನೋಡ್ಬಾರ್ದು ಅಂತಾನೇ ಆಫೀಸ್ ಫೋನಿಂದ ಮಾಡಿದೀಯಾ, ಅಲ್ವಾ?... ಎಲ್ಲಿದೀಯಾ ನೀನು ಈಗ?"

…

"ಸೈಕಲ್ ಅಂಗಡಿ ಹೊರಗಾ? ಅನೂಪ್ ಒಳಗಿದಾನಾ?... ಕೇಳಿಲ್ಲಿ. ಅದು ಬೇಡ ನಿಂಗೆ. ಎಷ್ಟು ಒಳ್ಳೇದಾದ್ರೂ ಬೇಡ. ಅವನನ್ನ ಕರ್ಕೊಂಡು ಅಲ್ಲಿಂದ ನೇರ ಆಸ್ಪತ್ರೆಗೆ ಹೋಗು. ಸೋಮವಾರ ಅಲ್ಲ, ಇವತ್ತು. ನಡೀತಾ ಇದೀಯಾ? ಒಳಗೆ ಹೋಗಿ ಫೋನ್ ಅವನ ಕೈಗೆ ಕೊಡು."

…

"ಕೊಡಲ್ವಾ?"

…

"ಗಾಬರಿ ಆಗ್ಲಿ. ಸೈಕಲ್ ಬಿಡಿಸ್ಲಿ. ಬೈಯ್ಲಿ. ಆಮೇಲೆ ನಾನೇ ಬಂದು ಅವನಿಗೆ ಬುದ್ಧಿ ಹೇಳಿ ಸೈಕಲ್ ಇಳಿಸ್ಕೊಡ್ತೀನಿ, ಆಣೆ... ಇಲ್ಲ. ಇಲ್ಲ ಕೃಪಾ, ಹೇಳಲ್ಲ ಅಂತ ಮಾತು ಕೊಡಲ್ಲ ನಾನು. ನೀನು ಅಕ್ಕಂಗೆ ಕೊಟ್ಯಲ್ಲ, ಸಾಕು."

ಮಂಜಿನೊಳಗೆ, ಹತ್ತು ಮಾರು ಮುಂದೆ, ಚಕ್ರವೊಂದು ಟಿಕ್ ಟಿಕ್ ಟಿಕ್ ಎಂದು ತಿರುಗುತ್ತಾ ದೂರವಾಗುತ್ತಿತ್ತು. ಗುರುದತ್‌ಗೆ ಅದು ಸ್ಪಷ್ಟವಾಗಿ ಕೇಳಿಸಿತು. ಅವನು ಆ ಕಡೆ ತಿರುಗಲಿಲ್ಲ.

"ಬೈಕೋ ನನ್ನ. ಜನ್ಮಪೂರ್ತಿ ಮಾತಾಡ್ಬೇಡ ಬೇಕಾದ್ರೆ. ಆದ್ರೆ ಬೈಯೋಕೆ ನೀನು ಇರ್ಬೇಕು ಕಣೇ... ಹಾಂ? ಏನು ಮಾಡ್ತೀನಾ? ಫೋನ್ ಇಡ್ತೀನಿ. ಇಟ್ಟು ಅವನಿಗೆ ಮಾಡ್ತೀನಿ. ಅಲ್ಲೇ ಇರು, ಎಲ್ಲೂ ಹೋಗ್ಬೇಡ, ಅವನು ಹೊರಗೆ ಬರ್ತಾನೆ..."

ಅವಳ ಮಾತು ಮುಗಿಯುವ ಮೊದಲೇ ಅವನು ಲೈನ್ ಕತ್ತರಿಸಿ, ಅನೂಪನ ನಂಬರ್ ಒತ್ತಿದ.